ಹಳೆಯ ಬಳ್ಳಿಯ ಒಗರು



ಈ ಸಂಜೆ ಒಂದೇ ಮನೆತನದ ಒಂದು ಕೆಂಪು ವೈನ್ ಬಗ್ಗೆ ಮಾತಾಡುತ್ತೇನೆ. ದಕ್ಷಿಣ ಫ್ರಾನ್ಸಿನಲ್ಲಿ ಮೆಡಿಟರೇನಿಯನ್ ಕಡಲಿಗೆ ಮುಖ ಮಾಡಿರುವ ಬಂಡೋಲ್ ಪ್ರದೇಶದಲ್ಲಿ ದೊಮೇನ್ ತಾಂಪಿಯೇ ಎಂಬ ತೋಟವಿದೆ. ಅದು ಪೆರೋ ಮನೆತನದ್ದು.

1936ರಲ್ಲಿ ಲೂಸಿಯಾಂ ಪೆರೋ ತಾಂಪಿಯೇ ಮನೆಯ ಮಗಳು ಲೂಸಿಯನ್ನು ಮದುವೆಯಾದರು. ಮಾವ ಒಮ್ಮೆ ಅಳಿಯನಿಗೆ ತೋಟದ ಹಳೆಯ ವೈನ್ ಬಾಟಲಿಯೊಂದನ್ನು ತೆರೆದು ಕೊಟ್ಟರಂತೆ. ಫಿಲಾಕ್ಸೆರಾ ಎಂಬ ಕೀಟ ಬೇರು ಹೀರಿ ಫ್ರಾನ್ಸಿನ ತೋಟಗಳನ್ನು ಒಣಗಿಸಿದ್ದಕ್ಕೂ ಮುಂಚಿನ ವೈನ್ ಅದು. ಅಳಿಯ ಆ ರುಚಿಗೆ ಸೋತುಹೋದರು. ಅದರ ಜೀವಾಳ ಮೂರ್ವೆದ್ರ್ ಎಂಬ ದ್ರಾಕ್ಷಿ. ಅಲ್ಲಿನ ತೋಟಗಳಲ್ಲಿ ಆ ತಳಿ ಆಗಲೇ ಅಪರೂಪವಾಗಿತ್ತು. ಕೀಟದ ಹಾವಳಿಯ ನಂತರ ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸುವಾಗ, ತಡವಾಗಿ ಹಣ್ಣಾಗಿ ಕಡಿಮೆ ಫಸಲು ಕೊಡುವ ಮೂರ್ವೆದ್ರ್ ಯಾರಿಗೂ ಬೇಡವಾಗಿತ್ತು. ಲೂಸಿಯಾಂ ಅದನ್ನೇ ಮತ್ತೆ ನೆಟ್ಟರು, ಅಕ್ಕಪಕ್ಕದವರನ್ನೂ ಒಪ್ಪಿಸಿದರು. 1941ರಲ್ಲಿ ಬಂಡೋಲ್ ಹೆಸರಿಗೆ ಸರ್ಕಾರದ ಮನ್ನಣೆ ಸಿಕ್ಕಿತು. ಇವತ್ತು ಅಲ್ಲಿನ ಕೆಂಪು ವೈನಿನಲ್ಲಿ ಕನಿಷ್ಠ ಅರ್ಧದಷ್ಟು ಮೂರ್ವೆದ್ರ್ ಇರಲೇಬೇಕು. ಮರದ ಪೀಪಾಯಿಯಲ್ಲಿ ಅದು 18 ತಿಂಗಳು ಮಾಗಲೇಬೇಕು.

ತಾಂಪಿಯೇ ತೋಟದಲ್ಲಿ ಕಬಸ್ಸೌ ಎಂಬ ಸಣ್ಣ ತುಂಡು ನೆಲವಿದೆ. ಇಳಿಜಾರಿನ ಕೆಳಗಿರುವುದರಿಂದ ಮಿಸ್ತ್ರಾಲ್ ಎಂಬ ಬಿರುಗಾಳಿಯ ಹೊಡೆತ ಅಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ. ತೋಟದ ಹಳೆಯ ಮೂರ್ವೆದ್ರ್ ಬಳ್ಳಿಗಳು ಇರುವುದು ಅಲ್ಲಿ. ವಯಸ್ಸಾದ ಬಳ್ಳಿ ಗೊಂಚಲು ಬಿಡುವುದು ಕಡಿಮೆ. ಬೇರು ಆಳಕ್ಕೆ ಇಳಿದಿರುವುದರಿಂದ ಬಿರುಬೇಸಿಗೆಯಲ್ಲೂ ಅದು ತಾಳಿಕೊಳ್ಳುತ್ತದೆ. ಅಂಥ ಬಳ್ಳಿಯ ಕಾಯಿ ಹೆಚ್ಚಾಗಿ ಸಣ್ಣದು; ಕಾಯಿ ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಬಣ್ಣ ಬರುವುದು ಸಿಪ್ಪೆಯಿಂದ, ಒಗರಿನ ಒಂದು ಪಾಲೂ ಅಲ್ಲಿಂದಲೇ.

ಲೆಕ್ಕಪತ್ರ ನೋಡುವವರು ಇಂಥ ಬಳ್ಳಿಯನ್ನು ಕಿತ್ತುಹಾಕಿ ಎನ್ನುತ್ತಾರೆ. ಆದ್ದರಿಂದ ಹಳೆಯ ಬಳ್ಳಿ ಉಳಿದಿದೆ ಎಂದರೆ ಯಾರೋ ಪ್ರತಿ ವರ್ಷವೂ ನಷ್ಟವನ್ನು ಒಪ್ಪಿಕೊಂಡು ಅದನ್ನು ಉಳಿಸಿದ್ದಾರೆ ಎಂದೇ ಅರ್ಥ. ಇದು ಮನೆತನಗಳಿಗೆ ಸಾಧ್ಯವಾದಷ್ಟು ಸುಲಭವಾಗಿ ಕಂಪನಿಗಳಿಗೆ ಸಾಧ್ಯವಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಲೇಬಲ್ಲಿನ ಮೇಲಿನ 'ಹಳೆಯ ಬಳ್ಳಿ' ಎಂಬ ಮಾತಿಗೆ ಇಷ್ಟೇ ವರ್ಷ ಎಂದು ಫ್ರಾನ್ಸಿನ ಕಾನೂನು ಗೆರೆ ಎಳೆದಿಲ್ಲ. ಹಾಗಾಗಿ ತೋಟದವರು ಯಾರೆಂದು ನೋಡಿ ನಂಬಬೇಕು.

ಇನ್ನು ಸವಿಯುವ ಮಾತು. ಎಳೆಯ ಬಂಡೋಲ್ ಬಿಗಿಯಾಗಿರುತ್ತದೆ. ನೇರಳೆ ಹಣ್ಣು ತಿಂದಮೇಲೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಬಗೆಯ ಒಗರು. ಹಲವರು ಇಲ್ಲೇ ಮುಖ ತಿರುಗಿಸುತ್ತಾರೆ. ಹತ್ತು ವರ್ಷ ಕಾಯಿರಿ. ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರೆ ಅಂಚಿನ ನೇರಳೆ ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಮೂಗಿಗೆ ಕಪ್ಪು ಹಣ್ಣು, ಹದಮಾಡಿದ ತೊಗಲು, ಬಂಡೋಲ್ ಬೆಟ್ಟಗಳ ಒಣ ಗಿಡಮೂಲಿಕೆಯ ಘಮ ಬರುತ್ತದೆ. ಒಗರು ಹೋಗಿರುವುದಿಲ್ಲ, ನಯವಾಗಿರುತ್ತದೆ. ನನಗೆ ಈ ವೈನ್ ಪ್ರಿಯವಾಗಿರುವುದು ಆ ನಯಕ್ಕಾಗಿ. ನುಂಗಿದಮೇಲೂ ಅದು ಬಹಳ ಹೊತ್ತು ನಿಲ್ಲುತ್ತದೆ.

ಪೆರೋ ಮನೆಯಲ್ಲಿ ಇದನ್ನು ಬರಿದೇ ಕುಡಿಯುವ ವಾಡಿಕೆಯಿಲ್ಲ. ಲೂಸಿ, ಅಂದರೆ ಎಲ್ಲರ ಲೂಲೂ, 102 ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಅವರ ಅಡುಗೆಯನ್ನು ಬರಹಗಾರ ರಿಚರ್ಡ್ ಓಲ್ನಿ 1994ರಲ್ಲಿ ಪುಸ್ತಕವಾಗಿ ತಂದರು. ಬೆಳ್ಳುಳ್ಳಿ ಹಾಕಿ ಸುಟ್ಟ ಕುರಿಮಾಂಸ ಇದಕ್ಕೆ ಒಳ್ಳೆಯ ಜೊತೆ. ಬಾಟಲಿಯನ್ನು ಊಟಕ್ಕೆ ಒಂದೆರಡು ಗಂಟೆ ಮುಂಚೆ ತೆರೆದು, ತಳದ ಗಸಿ ಕದಡದಂತೆ ಬೇರೆ ಹೂಜಿಗೆ ಬಗ್ಗಿಸಿಡಿ. ನಮ್ಮೂರಿನ ಬೇಸಿಗೆಯಾದರೆ ಬಡಿಸುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. 17 ಡಿಗ್ರಿಯ ಆಸುಪಾಸು ಸಾಕು.