ತಂತಿ ಬರುವವರೆಗೆ



ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಮೇರೀಸ್‌ವಿಲ್ ಎಂಬ ಪುಟ್ಟ ಊರಿದೆ. ಅಲ್ಲಿ 1859ರಲ್ಲಿ ಕಟ್ಟಿದ ಕಲ್ಲಿನ ಕುದುರೆ ಲಾಯವೊಂದು ಇಂದಿಗೂ ಗಟ್ಟಿಯಾಗಿ ನಿಂತಿದೆ. ಈಗ ಅದೊಂದು ಸಣ್ಣ ವಸ್ತುಸಂಗ್ರಹಾಲಯ. ಕುದುರೆಯ ಮೇಲೆ ಟಪಾಲು ಸಾಗಿಸುತ್ತಿದ್ದ ‘ಪೋನಿ ಎಕ್ಸ್‌ಪ್ರೆಸ್’ನ ನೆನಪಿಗೆ ಮೀಸಲಾದದ್ದು. ಆ ದೇಶದಲ್ಲಿರುವ ಮಕ್ಕಳನ್ನು ನೋಡಲು ಹೋದವರು ಸಾಮಾನ್ಯವಾಗಿ ನಯಾಗರ ನೋಡಿ ಬರುತ್ತಾರೆ. ಈ ಲಾಯದ ಕಡೆಗೆ ಬರುವವರು ಕಡಿಮೆ. ಆದರೆ ಅಲ್ಲಿಂದ ಬಂದ ಮೇಲೆ ನನ್ನ ಮನಸ್ಸು ಮತ್ತೆ ಮತ್ತೆ ಆ ಸವಾರರ ಹಿಂದೆಯೇ ಹೋಗುತ್ತಿದೆ.

1860ರ ಏಪ್ರಿಲ್ 3ರಂದು ಮಿಸ್ಸೌರಿಯ ಸೇಂಟ್ ಜೋಸೆಫ್ ಊರಿನಿಂದ ಮೊದಲ ಸವಾರ ಹೊರಟ. ಪೂರ್ವದಿಂದ ಬಂದ ರೈಲು ಹಳಿ ಅಲ್ಲಿಗೆ ಮುಗಿಯುತ್ತಿತ್ತು. ಆಚೆಗೆ ಕಣ್ಣು ಹಾಯುವಷ್ಟೂ ಹುಲ್ಲುಗಾವಲು, ಅದರಾಚೆ ರಾಕಿ ಪರ್ವತ, ಮರುಭೂಮಿ, ಹಿಮ ಬೀಳುವ ಸಿಯೆರಾ ನೆವಾಡ ಶ್ರೇಣಿ, ಕೊನೆಗೆ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ. ದೂರ ಸುಮಾರು 3,000 ಕಿಲೋಮೀಟರು. ಅಲ್ಲಿಯವರೆಗೆ ದಕ್ಷಿಣದ ಬಳಸು ದಾರಿಯ ಕುದುರೆ ಗಾಡಿಯಲ್ಲಿ ಕಾಗದ ಹೋಗಿ ಮುಟ್ಟಲು ಮೂರು ವಾರಕ್ಕೂ ಹೆಚ್ಚು ಹಿಡಿಯುತ್ತಿತ್ತು. ರಸೆಲ್, ಮೇಜರ್ಸ್ ಮತ್ತು ವಾಡೆಲ್ ಎಂಬ ಮೂವರು ಪಾಲುದಾರರು ಹತ್ತು ದಿನದಲ್ಲಿ ಮುಟ್ಟಿಸುತ್ತೇವೆ ಎಂದರು. ಮುಟ್ಟಿಸಿಯೂ ತೋರಿಸಿದರು.

ಹೇಗೆ ಎಂಬುದನ್ನು ಆ ಲಾಯದೊಳಗೆ ನಿಂತಾಗ ಚೆನ್ನಾಗಿ ಅರಿಯಬಹುದು. ದಾರಿಯುದ್ದಕ್ಕೂ ಹದಿನೈದು ಇಪ್ಪತ್ತು ಕಿಲೋಮೀಟರಿಗೊಂದು ತಂಗುದಾಣ. ಸವಾರ ಬರುವಷ್ಟರಲ್ಲಿ ಬೇರೆ ಕುದುರೆಗೆ ಜೀನು ಬಿಗಿದು, ಲಗಾಮು ಹಿಡಿದು, ಲಾಯದ ಆಳು ಹೊರಗೆ ನಿಂತಿರಬೇಕು. ಜೀನಿನ ಮೇಲೆ ಹಾಸಲು ‘ಮೊಚಿಲಾ’ ಎಂಬ ಅಗಲವಾದ ಚರ್ಮದ ಹೊದಿಕೆ. ಅದರ ನಾಲ್ಕು ಮೂಲೆಗೆ ನಾಲ್ಕು ಚೀಲ, ಮೂರಕ್ಕೆ ಬೀಗ. ಟಪಾಲೆಲ್ಲ ಅದರೊಳಗೆ. ಅದನ್ನು ಕಟ್ಟುವುದಿಲ್ಲ, ಬಿಗಿಯುವುದಿಲ್ಲ. ಸವಾರ ಅದರ ಮೇಲೆ ಕೂತರೆ ಅವನ ಮೈಭಾರವೇ ಅದನ್ನು ಹಿಡಿದಿಡುತ್ತದೆ. ಬಂದ ಕುದುರೆಯಿಂದ ಸೆಳೆದು ಹೊಸ ಕುದುರೆಯ ಮೇಲೆ ಹಾಕಿ, ಹಾರಿ ಕೂತು ಹೊರಟುಬಿಡುವುದು. ಅದಕ್ಕೆ ಕೊಟ್ಟಿದ್ದ ಸಮಯ ಎರಡು ನಿಮಿಷ. ಹೀಗೆ ಕುದುರೆ ಬದಲಿಸುತ್ತ ನೂರೈವತ್ತು ಕಿಲೋಮೀಟರಿನ ಆಸುಪಾಸು ಓಡಿದ ಮೇಲೆ ಸವಾರನೂ ಬದಲಾಗುತ್ತಿದ್ದ. ಈ ಮೇರೀಸ್‌ವಿಲ್ ಸವಾರರು ಬದಲಾಗುತ್ತಿದ್ದ ಅಂಥದೊಂದು ತಾಣ. ಇಲ್ಲಿ ಅವನಿಗೆ ಊಟ, ನಿದ್ದೆ. ಮೊಚಿಲಾಕ್ಕೆ ಮಾತ್ರ ನಿದ್ದೆಯಿಲ್ಲ.

ಕಾಗದಗಳೋ ತೀರ ತೆಳುವು. ಅರ್ಧ ಔನ್ಸಿಗೆ, ಅಂದರೆ ಹದಿನಾಲ್ಕು ಗ್ರಾಮಿಗೆ, ಮೊದಮೊದಲು 5 ಡಾಲರು ದರ. ಅಷ್ಟು ಕೊಡಬಲ್ಲವರು ಪತ್ರಿಕೆಯವರು, ಬ್ಯಾಂಕಿನವರು, ವ್ಯಾಪಾರಿಗಳು. ಯಾರದೋ ಲಾಭ ನಷ್ಟ, ಯಾವುದೋ ರಾಜಕೀಯ ಸುದ್ದಿ ಸವಾರನ ತೊಡೆಯ ಕೆಳಗೆ ಭದ್ರವಾಗಿರುತ್ತಿತ್ತು. ಒಳಗೇನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಕೆಟ್ಟ ಮಾತಾಡುವುದಿಲ್ಲ, ಕುಡಿಯುವುದಿಲ್ಲ, ಜೊತೆಯವರೊಡನೆ ಜಗಳಕ್ಕೆ ನಿಲ್ಲುವುದಿಲ್ಲ ಎಂದು ಪ್ರಮಾಣ ಮಾಡಿಸಿ ಪಾಲುದಾರ ಅಲೆಗ್ಸಾಂಡರ್ ಮೇಜರ್ಸ್ ಸವಾರರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಈ ಸವಾರರ ಬಗ್ಗೆ ಒಂದು ಜಾಹೀರಾತು ಬಹಳ ಪ್ರಸಿದ್ಧ. ದಿನವೂ ಸಾವನ್ನು ಎದುರಿಸಲು ಸಿದ್ಧರಿರುವ ಹುಡುಗರು ಬೇಕು, ಅನಾಥರಾದರೆ ಒಳ್ಳೆಯದು ಎಂಬರ್ಥದ್ದು. ಆದರೆ ಆ ಕಾಲದ ಯಾವ ಪತ್ರಿಕೆಯಲ್ಲೂ ಅದರ ಮೂಲ ಸಿಕ್ಕಿಲ್ಲ. ಅದು ಆಮೇಲೆ ಹುಟ್ಟಿದ್ದು. ಸಾಹಸದ ಕಥೆ ಕೇಳಲು ನಮಗೆಲ್ಲ ಇಷ್ಟ. ನನ್ನನ್ನು ಮಾತ್ರ ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಸಪ್ಪೆಯಾಗಿ ಕಾಣುವ ಎರಡು ತಾರೀಖುಗಳು.

ಸವಾರಿ ಶುರುವಾದದ್ದು 1860ರ ಏಪ್ರಿಲ್‌ನಲ್ಲಿ ಎಂದೆನಲ್ಲ. ಅದೇ ವರ್ಷದ ಜೂನ್ 16ರಂದು, ಇನ್ನೂ ಮೂರು ತಿಂಗಳು ತುಂಬುವ ಮೊದಲೇ, ಪೂರ್ವದಿಂದ ಪಶ್ಚಿಮದ ಕಡಲವರೆಗೆ ಟೆಲಿಗ್ರಾಫ್ ತಂತಿ ಎಳೆಯಲು ಸರ್ಕಾರ ಕಾನೂನು ಮಾಡಿತು. ತಂತಿ ಬಂದರೆ ಕುದುರೆಗೆ ಕೆಲಸವಿಲ್ಲ. ಮುಂದೆ 1861ರ ಮಾರ್ಚ್‌ನಲ್ಲಿ ಮಾಡಿದ ಇನ್ನೊಂದು ಕಾನೂನು ಅದನ್ನು ಬಾಯಿಬಿಟ್ಟೇ ಹೇಳಿತು: ಕುದುರೆ ಟಪಾಲು ವಾರಕ್ಕೆ ಎರಡು ಬಾರಿ ನಡೆಯಬೇಕು, ತಂತಿ ಪೂರ್ಣವಾಗುವವರೆಗೆ. ಅಂದರೆ ಆ ಹುಡುಗರು ತಮ್ಮ ಕೆಲಸದ ಕೊನೆಯನ್ನು ಕಣ್ಣೆದುರಿಗೇ ಇಟ್ಟುಕೊಂಡು ಓಡುತ್ತಿದ್ದರು.

1861ರ ಬೇಸಿಗೆಯಲ್ಲಿ ಎರಡೂ ಕಡೆಯಿಂದ ಕಂಬ ನೆಡುವ ಕೆಲಸ ಆರಂಭವಾಯಿತು. ಪೂರ್ವದ ಕಡೆಯಿಂದ ಎಡ್ವರ್ಡ್ ಕ್ರೈಟನ್, ಪಶ್ಚಿಮದಿಂದ ಜೇಮ್ಸ್ ಗ್ಯಾಂಬಲ್. ಮರವೇ ಇಲ್ಲದ ಬಯಲಿಗೆ ಎಷ್ಟೋ ದೂರದಿಂದ ಕಂಬ ಸಾಗಿಸಿ ತಂದು ನೆಡುತ್ತಿದ್ದರು. ಕುದುರೆಯ ಹಾದಿಯೂ ತಂತಿಯ ಹಾದಿಯೂ ಎಷ್ಟೋ ಕಡೆ ಒಂದೇ. ಇಲ್ಲಿ ನೀವು ಗಮನಿಸಬೇಕಾದ ಒಂದು ವಿಷಯವಿದೆ. ಪೂರ್ವದ ತಂತಿ ಎಲ್ಲಿಗೆ ನಿಂತಿದೆಯೋ ಅಲ್ಲಿ ಸುದ್ದಿಯನ್ನು ಕೈಗೆತ್ತಿಕೊಂಡು, ಪಶ್ಚಿಮದ ತಂತಿ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಒಯ್ದು ಕೊಡುತ್ತಿದ್ದವರು ಈ ಸವಾರರೇ. ನಡುವಿನ ಅಂತರ ದಿನದಿನಕ್ಕೆ ಕಿರಿದಾಗುತ್ತಿತ್ತು. ತಮ್ಮ ಅನ್ನವನ್ನು ಕಸಿಯುವ ತಂತಿಗೆ ಅದು ಕೂಡಿಕೊಳ್ಳುವವರೆಗೂ ಇವರೇ ಸೇತುವೆಯಾಗಿ ನಿಂತರು. ಆ ವರ್ಷದ ಮಾರ್ಚ್‌ನಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿ ಮಾಡಿದ ಮೊದಲ ಭಾಷಣವನ್ನು 7 ದಿನ 17 ಗಂಟೆಗಳಲ್ಲಿ ಕ್ಯಾಲಿಫೋರ್ನಿಯಕ್ಕೆ ಮುಟ್ಟಿಸಿದ್ದು ಇವರ ಅತಿ ವೇಗದ ಓಟ. ಕಾನೂನಿನಲ್ಲಿ ತಮ್ಮ ಗಡುವು ಬರೆದಾಗಿದ್ದ ತಿಂಗಳಲ್ಲೇ ಓಡಿದ ಓಟ ಅದು.

ಮಾರ್ಕ್ ಟ್ವೇನ್ ಕುದುರೆ ಗಾಡಿಯಲ್ಲಿ ಇದೇ ದಾರಿಯಾಗಿ ಪಶ್ಚಿಮಕ್ಕೆ ಹೋದದ್ದು 1861ರ ಬೇಸಿಗೆಯಲ್ಲಿ. ಬಯಲಿನಲ್ಲಿ ಚುಕ್ಕೆಯಾಗಿ ಕಂಡು, ಹತ್ತಿರ ಬಂದು, ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋದ ಸವಾರನ ಬಗ್ಗೆ ಅವರು ಬರೆದದ್ದನ್ನು ಲೋಕವೆಲ್ಲ ಓದಿದೆ. ಅವರು ಕಂಡ ಸವಾರನಿಗೆ ಉಳಿದಿದ್ದದ್ದು ಕೆಲವೇ ತಿಂಗಳ ಕೆಲಸ. ಅವನ ಕುದುರೆಯ ಓಟದಲ್ಲಿ ಅದು ಕಾಣಲಿಲ್ಲ.

ನಮ್ಮಲ್ಲಿ ಎಷ್ಟೋ ಜನ ಇಂಥ ಕಾಲದಲ್ಲಿ ಬದುಕುತ್ತಿದ್ದೇವೆ. ಮುಂದಿನ ವರ್ಷ ಮುಚ್ಚಲಿರುವ ಶಾಲೆಯಲ್ಲಿ ಪಾಠ ಮಾಡುವ ಮೇಷ್ಟ್ರಿದ್ದಾರೆ. ಯಂತ್ರ ಬರಲಿರುವ ಕಾರ್ಖಾನೆಯಲ್ಲಿ ಕೈಯಿಂದ ಕೆಲಸ ಮಾಡುವವರಿದ್ದಾರೆ. ನಿವೃತ್ತಿಗೆ ಒಂದು ತಿಂಗಳಿರುವ ಗುಮಾಸ್ತೆಯಿದ್ದಾರೆ. ಹೇಗೂ ಮುಗಿಯುವುದು, ಇನ್ನೇಕೆ ಎಂಬ ಮಾತು ಅವರೊಳಗೆ ಏಳದೆ ಇರದು. ಏಳಲಿ, ಅದು ಸಹಜ. ಆದರೆ ಆ ಮೇಷ್ಟ್ರ ಎದುರು ಕೂತ ಮಗುವಿಗೆ ಮೂರನೆಯ ತರಗತಿ ಒಂದೇ ಸಲ ಬರುತ್ತದೆ. ಅದಕ್ಕೆ ಶಾಲೆಯ ಭವಿಷ್ಯ ಗೊತ್ತಿಲ್ಲ, ಇಂದಿನ ಪಾಠ ಗೊತ್ತಾಗಬೇಕು. ಕೆಲಸದ ಆಯುಸ್ಸು ನಮ್ಮ ಕೈಯಲ್ಲಿಲ್ಲ, ನಿಜ. ನಮ್ಮ ಕೈಗೆ ಬಂದ ಚೀಲ ಮಾತ್ರ ನಮ್ಮದೇ. ಆ ಲಾಯದಲ್ಲಿ ಮೊಚಿಲಾದ ಮಾದರಿಯ ಮುಂದೆ ನಿಂತಾಗ ನನಗೆ ಅನ್ನಿಸಿದ್ದು ಇದೇ.

ಕುದುರೆಯನ್ನು ಸೋಲಿಸಿದ ತಂತಿಗೂ ಒಂದು ದಿನ ಕೊನೆ ಬಂತು. ನಮ್ಮ ದೇಶದಲ್ಲಿ ಟೆಲಿಗ್ರಾಂ ಕೊಡಲು 2013ರ ಜುಲೈ 14 ಕೊನೆಯ ದಿನವಾಗಿತ್ತು. ತಂತಿ ಬಂತೆಂದರೆ ಎದೆ ನಡುಗುತ್ತಿದ್ದ ಮನೆಗಳು ನಮ್ಮವು. ಅಂದು ಕೌಂಟರುಗಳ ಮುಂದೆ ಜನ ಸಾಲುಗಟ್ಟಿ ನಿಂತು ಕಡೆಯ ಸಂದೇಶ ಕಳಿಸಿದರು. ಅವನ್ನೂ ಯಾರೋ ಸಿಬ್ಬಂದಿ ಕೂತು ಒಂದೊಂದಾಗಿ ಕಳಿಸಿದರಲ್ಲವೇ?

ಇಷ್ಟು ಹೇಳಿ ಇನ್ನೊಂದನ್ನು ಬಿಟ್ಟರೆ ಮಾತು ಪ್ರಾಮಾಣಿಕವಾಗದು. ಆ ಹಾದಿ ಖಾಲಿ ನೆಲದ ಮೇಲೆ ಹೋಗಿರಲಿಲ್ಲ. ಪಾನಿ, ಶೋಶೋನಿ, ಪಾಯೂಟ್ ಜನ ತಲೆತಲಾಂತರದಿಂದ ಬಾಳಿದ ನೆಲ ಅದು. 1860ರ ಮೇ ತಿಂಗಳಲ್ಲಿ ನೆವಾಡದ ವಿಲಿಯಮ್ಸ್ ತಂಗುದಾಣದಲ್ಲಿದ್ದವರು ಪಾಯೂಟರ ಹೆಣ್ಣುಮಕ್ಕಳನ್ನು ಹೊತ್ತೊಯ್ದು ಕೂಡಿಹಾಕಿದ್ದೇ ಒಂದು ಯುದ್ಧಕ್ಕೆ ಕಿಡಿಯಾಯಿತು. ಠಾಣೆಗಳು ಸುಟ್ಟುಹೋದವು, ಎರಡೂ ಕಡೆ ಜನ ಸತ್ತರು, ಟಪಾಲು ವಾರಗಟ್ಟಲೆ ನಿಂತಿತು. ಸವಾರನ ನಿಷ್ಠೆಯನ್ನು ಮೆಚ್ಚುವಾಗ ಆ ಹೆಣ್ಣುಮಕ್ಕಳನ್ನೂ ನೆನೆಯಬೇಕು. ದಾರಿಯಲ್ಲಿ ನಡೆದ ಅನ್ಯಾಯವನ್ನು ಓಡಿದವನ ಶ್ರದ್ಧೆ ತೊಳೆಯಲಾರದು. ಆ ಅನ್ಯಾಯದಿಂದ ಅವನ ಶ್ರದ್ಧೆ ಸುಳ್ಳೂ ಆಗದು.

1861ರ ಅಕ್ಟೋಬರ್ 24ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಎರಡೂ ತಂತಿಗಳು ಕೂಡಿದವು. ಎರಡೇ ದಿನಕ್ಕೆ, 26ರಂದು, ಪೋನಿ ಎಕ್ಸ್‌ಪ್ರೆಸ್ ಮುಗಿಯಿತೆಂಬ ಪ್ರಕಟಣೆ ಹೊರಟಿತು. ಪಾಲುದಾರರು ಅಷ್ಟರಲ್ಲಿ ಸಾಲದಲ್ಲಿ ಮುಳುಗಿದ್ದರು. ಆದರೆ ಅಂದು ಟಪಾಲು ಇನ್ನೂ ದಾರಿಯಲ್ಲಿತ್ತು. ಸೇವೆ ನಿಂತಿತೆಂದು ಯಾರೂ ಅದನ್ನು ನಡುದಾರಿಯಲ್ಲಿ ಇಳಿಸಲಿಲ್ಲ. ಮುಂದಿನ ಠಾಣೆಯಲ್ಲಿ ಕುದುರೆ ಬದಲಾಯಿತು, ಸವಾರ ಬದಲಾದ, ಕೊನೆಯ ಕಾಗದಗಳು ನವೆಂಬರ್‌ನಲ್ಲಿ ವಿಳಾಸದಾರರ ಕೈ ಸೇರಿದವು.