ಹೊಗೆಸೊಪ್ಪಿನ ನಂಜು ಔಷಧಕ್ಕೆ ದುಡಿದದ್ದು



ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ಮೊಸಾಯಿಕ್ ರೋಗದ ಪರಿಚಯ ಹೇಳಬೇಕಾಗಿಲ್ಲ. ಎಲೆಯ ಮೇಲೆ ತಿಳಿಹಸುರು, ಕಡುಹಸುರು ಮಚ್ಚೆ, ಎಲೆ ಸುಕ್ಕು, ಸೊಪ್ಪಿನ ದರ ಇಳಿಯಿತು. ಇದನ್ನು ತರುವುದು ಹುಳುವಲ್ಲ, ಬೂಷ್ಟೂ ಅಲ್ಲ; ವೈರಸ್ ಎಂಬ ನಂಜು. ಈ ನಂಜಿನ ಕೈಲೇ ಔಷಧ ಮಾಡಿಸಿದ್ದಾರೆ ಅಂದರೆ ನಂಬುತ್ತೀರಾ?

ನಂಜಿನ ಕಣ ಒಂದು ಕಡ್ಡಿಯ ಹಾಗಿರುತ್ತದೆ. ಒಳಗೆ ತನ್ನಂಥದನ್ನೇ ಮತ್ತೆ ಮಾಡುವ ವಿಧಿಯ ಎಳೆ; ಹೊರಗೆ ಒಂದೇ ಬಗೆಯ ಪ್ರೋಟೀನಿನ 2,130 ತುಣುಕು ಜೋಡಿಸಿದ ಕವಚ. ಎಲೆಯನ್ನು ಹೊಕ್ಕಿತೆಂದರೆ ಗಿಡದ ದುಡಿಮೆಯನ್ನು ತನ್ನ ಕವಚ ಮಾಡುವುದಕ್ಕೇ ಹಚ್ಚುತ್ತದೆ. ವಿಜ್ಞಾನಿಗಳು ಆ ಎಳೆಯಿಂದ ಕವಚದ ವಿಧಿ ತೆಗೆದು, ಅಲ್ಲಿ ತಮಗೆ ಬೇಕಾದ ಪ್ರೋಟೀನಿನ ವಿಧಿ ಕೂಡಿಸಿದರು. ಬೆಳೆ ಕದಿಯುತ್ತಿದ್ದವನನ್ನೇ ಕೂಲಿಗೆ ಕರೆದ ಹಾಗೆ! ಕವಚವಿಲ್ಲದ ನಂಜು ಸುಲಭವಾಗಿ ಹರಡದು. ಅದಕ್ಕೇ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಮೂಲಕ ಎಲೆಗೆ ಸೇರಿಸುತ್ತಾರೆ. ಗಿಡವನ್ನು ತಲೆಕೆಳಗಾಗಿ ದ್ರಾವಣದಲ್ಲಿ ಮುಳುಗಿಸಿ, ಎಲೆಯೊಳಗಿನ ಗಾಳಿ ಹೀರಿ ಬಿಟ್ಟರೆ, ಎಲೆ ದ್ರಾವಣ ಕುಡಿಯುತ್ತದೆ. ವಾರ, ಹತ್ತು ದಿನಕ್ಕೆ ಎಲೆ ಕೊಯ್ದು, ಅರೆದು, ಪ್ರೋಟೀನನ್ನು ಬೇರ್ಪಡಿಸುತ್ತಾರೆ.

ಅಮೆರಿಕದ ಕೆಂಟಕಿ ಹೊಗೆಸೊಪ್ಪಿನ ಸೀಮೆ. ಅಲ್ಲಿನ ಓವೆನ್ಸ್‌ಬರೋ ಪಟ್ಟಣದಲ್ಲಿ ಹೀಗೆ ಝಡ್‌ಮ್ಯಾಪ್ ಎಂಬ ಔಷಧ ತಯಾರಾಯಿತು. 2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಲೈಬೀರಿಯದಲ್ಲಿ ಕಾಯಿಲೆ ಬಿದ್ದ ಇಬ್ಬರು ಅಮೆರಿಕನ್ನರಿಗೆ ಇದನ್ನು ಕೊಟ್ಟರು, ಇಬ್ಬರೂ ಬದುಕಿದರು. ಇದರಿಂದಲೇ ಬದುಕಿದರು ಎನ್ನುವಂತಿಲ್ಲ. ಆಗಸ್ಟ್ ಹೊತ್ತಿಗೆ ಇದ್ದ ದಾಸ್ತಾನೇ ಮುಗಿಯಿತು. ಆಮೇಲಿನ ಪರೀಕ್ಷೆಯಲ್ಲಿ ಔಷಧ ಪಡೆದ 36 ಜನರಲ್ಲಿ 8, ಪಡೆಯದ 35 ಜನರಲ್ಲಿ 13 ಮಂದಿ ತೀರಿಕೊಂಡರು. ಅಷ್ಟು ಕಡಮೆ ಜನರಿಂದ ತೀರ್ಮಾನ ಹೇಳಲಾಗಲಿಲ್ಲ. 2019ರಲ್ಲಿ ಕಾಂಗೋದಲ್ಲಿ ಬೇರೆ ಎರಡು ಔಷಧಗಳು ಇದಕ್ಕಿಂತ ಮೇಲೆಂದು ಕಂಡುಬಂದವು.

“ಹಾಗಾದರೆ ನಾವೂ ಹಾಕೋಣವೇ?” ಅಂತೀರಿ. ಬೇಡಿ. ಇದಕ್ಕೆ ಬಳಸುವುದು ನಮ್ಮ ಹೊಗೆಸೊಪ್ಪಲ್ಲ. ಅದೇ ಬಳಗದ, ಆಸ್ಟ್ರೇಲಿಯ ಮೂಲದ ಸಣ್ಣ ಗಿಡ. ಬೆಳೆಸುವುದು ಮುಚ್ಚಿದ ಮನೆಯೊಳಗೆ. ಔಷಧದ ಹೊಗೆಸೊಪ್ಪಿನ ಸಸಿ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಬಿಚ್ಚಬೇಡಿ.

ನಿಮ್ಮ ಮಡಿಯಲ್ಲಿರುವುದು ಹಳೆಯ ನಂಜೇ. ಅದು ಮುಟ್ಟಿದರೆ ಹರಡುತ್ತದೆ, ಒಣಗಿದ ಸೊಪ್ಪಿನಲ್ಲೂ ವರ್ಷಗಟ್ಟಲೆ ಉಳಿಯುತ್ತದೆ. ಬೀಡಿ ಹಿಡಿದ ಕೈಯಲ್ಲಿ ಸಸಿ ಕೀಳಬೇಡಿ. ಮೊದಲು ಸೋಪು ಹಾಕಿ ತೊಳೆಯಿರಿ. ಟೊಮೇಟೊ, ಮೆಣಸಿನ ಸಸಿಗೂ ಇದೇ ಮಾತು. ಮಚ್ಚೆ ಬಿದ್ದ ಸಸಿ ಕಿತ್ತ ಕೈಯನ್ನು ತೊಳೆಯದೆ ಒಳ್ಳೆಯ ಸಸಿ ಮುಟ್ಟಬಾರದು.