ಗುಣವಾಗದಿದ್ದರೂ ಆರೈಕೆಯುಂಟು



“ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ.” ಕ್ಯಾನ್ಸರ್ ಕೊನೆಯ ಹಂತ ತಲುಪಿದಾಗ ಎಷ್ಟೋ ಕುಟುಂಬಗಳು ಈ ಮಾತು ಕೇಳಿ ಆಸ್ಪತ್ರೆಯಿಂದ ಹಿಂದಿರುಗುತ್ತವೆ. ಇದು ಅರ್ಧ ಸತ್ಯ. ರೋಗವನ್ನು ಗುಣಪಡಿಸುವ ದಾರಿ ಮುಗಿದಿರಬಹುದು. ರೋಗಿಗಾಗಿ ಮಾಡಬೇಕಾದದ್ದು ಬಹಳಷ್ಟು ಉಳಿದಿರುತ್ತದೆ. ಇದನ್ನು ನಾನು ತಡವಾಗಿ ಕಲಿತೆ.

2003ರಲ್ಲಿ ನಮ್ಮ ದೊಡ್ಡಪ್ಪನವರ ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿತ್ತು. ಅವರನ್ನು ಮನೆಗೆ ಕರೆತಂದೆವು. ವೈದ್ಯರು ನೋವಿಗೆಂದು ಮಾರ್ಫಿನ್ ಮಾತ್ರೆಗಳನ್ನು ಕೊಟ್ಟು, ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡುವಂತೆ ಹೇಳಿದ್ದರು. ದೊಡ್ಡಮ್ಮ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ರಾತ್ರಿ ಒಂದನ್ನು ಮಾತ್ರ ಕೊಡುತ್ತಿದ್ದರು. “ಅಫೀಮಿನ ಔಷಧವಂತೆ ಕಣೋ, ಚಟ ಹತ್ತಿದರೆ ಏನು ಗತಿ?” ಎಂಬುದು ಅವರ ಭಯ. ಬಿ.ಎಸ್ಸಿ. ಓದಿದ್ದ ನಾನೂ, “ಹೌದು ದೊಡ್ಡಮ್ಮ, ಆದಷ್ಟು ಕಡಿಮೆ ಕೊಡೋದೇ ಒಳ್ಳೇದು” ಎಂದುಬಿಟ್ಟೆ. ಹನ್ನೊಂದು ದಿನ ದೊಡ್ಡಪ್ಪ ಹಲ್ಲು ಕಚ್ಚಿಕೊಂಡು ನರಳಿದರು.

ಮನೆಗೆ ಬಂದ ದಾದಿಯೊಬ್ಬರು ಉಳಿದ ಮಾತ್ರೆಗಳನ್ನು ಎಣಿಸಿದರು. “ಅಮ್ಮಾ, ಇವರ ನೋವಿಗೆ ಮದ್ದು ನಿಮ್ಮ ಬೀರುವಿನಲ್ಲೇ ಇತ್ತಲ್ಲ” ಎಂದರು. ಅಂದಿನಿಂದ ಗಡಿಯಾರ ನೋಡಿ ಮಾತ್ರೆ ಕೊಟ್ಟೆವು. ಮೂರನೆಯ ದಿನ ದೊಡ್ಡಪ್ಪ ದಿಂಬಿಗೊರಗಿ ಕುಳಿತು, ಪತ್ರಿಕೆ ಓದಿ ಹೇಳು ಎಂದರು. ಅನಂತರ ಐದು ವಾರ ನಮ್ಮೊಡನಿದ್ದರು. ಕಳೆದುಹೋದ ಆ ಹನ್ನೊಂದು ದಿನಗಳನ್ನು ಮಾತ್ರ ನಾನು ಹಿಂದಿರುಗಿಸಲಾರೆ.

ನಮ್ಮ ತಪ್ಪೇನು? ಮಾರ್ಫಿನ್ ಅಫೀಮಿನಿಂದ ದೊರೆಯುವುದು ನಿಜ. ಅದು ಮೆದುಳು ಹಾಗೂ ಮೆದುಳುಬಳ್ಳಿಯಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ ಮಾತ್ರ. ನೋವು ಮರುಕಳಿಸುವವರೆಗೆ ಕಾದು ಕೊಟ್ಟರೆ ರೋಗಿ ದಿನವಿಡೀ ನೋವನ್ನೇ ಕಾಯುತ್ತಿರಬೇಕಾಗುತ್ತದೆ. ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ಬಳಸುವಾಗ ಚಟ ಹತ್ತುವುದು ವಿರಳ. ಮಲಬದ್ಧತೆಯಾಗುವುದುಂಟು, ಅದಕ್ಕೆ ವೈದ್ಯರು ಜೊತೆಯಲ್ಲೇ ಔಷಧ ಕೊಡುತ್ತಾರೆ. ಪ್ರಮಾಣವನ್ನು ನಾವಾಗಿಯೇ ಹೆಚ್ಚಿಸಬಾರದು, ತಗ್ಗಿಸಲೂಬಾರದು. ಮಾತ್ರೆಗಳನ್ನು ಬೀಗದಲ್ಲಿಡುವುದು ಸರಿಯೇ. ಹೊತ್ತಿಗೆ ಸರಿಯಾಗಿ ಬೀಗ ತೆಗೆಯಬೇಕು, ಅಷ್ಟೆ.

ಇದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ, ಆಮೇಲೆ ವೈದ್ಯೆಯಾಗಿ ದುಡಿದ ಇವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಸ್ಥಾಪಿಸಿದರು. ನೋವು ದೇಹಕ್ಕೆ ಮಾತ್ರ ಸೀಮಿತವಲ್ಲ, ಮನಸ್ಸಿನ ಅಂಜಿಕೆ, ಸಂಸಾರದ ಚಿಂತೆ, ಬದುಕಿನ ಅರ್ಥದ ಪ್ರಶ್ನೆಗಳೂ ಅದರಲ್ಲಿ ಸೇರಿವೆ ಎಂದು ಅವರು ತೋರಿಸಿಕೊಟ್ಟರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಶಮನಕ್ಕೆ ಮೂರು ಮೆಟ್ಟಿಲುಗಳ ಕ್ರಮವನ್ನು ಪ್ರಕಟಿಸಿತು. ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿ ನಿಯಮಗಳಿಂದ ರೋಗಿಗಳಿಗೂ ಮಾರ್ಫಿನ್ ದುರ್ಲಭವಾಯಿತು. 2014ರಲ್ಲಿ ಸಂಸತ್ತು ತಿದ್ದುಪಡಿ ತಂದು ಈ ನಿಯಮಗಳನ್ನು ಸರಳಗೊಳಿಸಿತು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನ ‘ಕರುಣಾಶ್ರಯ’ವು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಶುಶ್ರೂಷೆ ನೀಡುತ್ತ ಬಂದಿದೆ. ಇಂಥ ಸೇವೆಗೆ ಉಪಶಮನ ಆರೈಕೆ ಎಂದು ಹೆಸರು.

ಮನೆಯಲ್ಲಿ ಹೀಗೊಬ್ಬರು ಮಲಗಿದ್ದರೆ ನಿಮ್ಮಂಥ ಕಿರಿಯರು ಮಾಡುವುದೇನು ಎಂದು ಕೇಳಬಹುದು. ಬೇಕಾದಷ್ಟಿದೆ. ಮಾತ್ರೆ ಕೊಟ್ಟ ಹೊತ್ತನ್ನೂ ನೋವಿನ ಮಟ್ಟವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಸಹಿಸಲಾರದ ನೋವು. ಅಂಕಿಯನ್ನು ರೋಗಿಯೇ ಹೇಳಲಿ. ವೈದ್ಯರಿಗೆ ಈ ಪುಸ್ತಕ ಬಹಳ ಉಪಯುಕ್ತ. ತಾವಾಗಿ ಹೊರಳಲಾರದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿದರೆ ಹಾಸಿಗೆ ಹುಣ್ಣು ತಡೆಯಬಹುದು. ಒಣಗಿದ ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. “ಒಂದು ತುತ್ತಾದರೂ ತಿನ್ನಿ” ಎಂದು ಬಲವಂತ ಮಾಡಬೇಡಿ. ಕೊನೆಯ ದಿನಗಳಲ್ಲಿ ಹಸಿವು ಇಂಗುವುದು ಕಾಯಿಲೆಯ ಸಹಜ ಗತಿ. ಕ್ಯಾನ್ಸರ್ ಅಂಟುರೋಗವಲ್ಲ. ಕೈಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಲು ಹಿಂಜರಿಯಬೇಡಿ.

ಇನ್ನೊಂದು ಮಾತು. ರೋಗಿಗೆ ಏನೂ ತಿಳಿಯಬಾರದೆಂದು ನಾವು ಮನೆಯಲ್ಲಿ ಪಿಸುಮಾತಾಡುತ್ತೇವೆ. ಬಹುಪಾಲು ರೋಗಿಗಳು ಅದನ್ನು ಊಹಿಸಿರುತ್ತಾರೆ. ದೊಡ್ಡಪ್ಪ ಒಂದು ಸಂಜೆ, “ನಾನು ಹೋಗ್ತೀನಿ ಅಂತ ಎಲ್ಲರಿಗೂ ಗೊತ್ತು. ನನ್ನ ಹತ್ರ ಮಾತ್ರ ಯಾಕೆ ನಾಟಕ?” ಎಂದರು. ಆಮೇಲೆ ಬ್ಯಾಂಕಿನ ಕಾಗದಪತ್ರ ಎಲ್ಲಿದೆ ಎಂದು ಹೇಳಿದರು, ತಮ್ಮನನ್ನು ಕರೆಸಿ ಹಳೆಯ ಜಗಳ ಮುಗಿಸಿಕೊಂಡರು. ರೋಗಿ ಕೇಳಿದಷ್ಟಕ್ಕೆ, ಕೇಳಿದಾಗ, ಮೃದುವಾಗಿ ನಿಜ ಹೇಳುವುದು ಅವರಿಗೆ ಸಲ್ಲಿಸುವ ಗೌರವ.

ಆರೈಕೆ ಮಾಡುವವರೂ ದಣಿಯುತ್ತಾರೆ ಎಂಬುದನ್ನು ಮರೆಯಬೇಡಿ. ನೀವು ಎರಡು ತಾಸು ರೋಗಿಯ ಬಳಿ ಕುಳಿತರೆ ನಿಮ್ಮ ತಾಯಿಯೋ ದೊಡ್ಡಮ್ಮನೋ ಅಷ್ಟು ಹೊತ್ತು ಕಣ್ಣು ಮುಚ್ಚಬಹುದು.

ಪ್ರಾಣ ಉಳಿಸುವುದು ಎಲ್ಲ ಸಲವೂ ನಮ್ಮ ಕೈಯಲ್ಲಿರುವುದಿಲ್ಲ. ನರಳಾಟ ತಗ್ಗಿಸುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಅಂಥ ಸಂದರ್ಭ ಬಂದರೆ, “ನೋವಿಗೆ ಏನು ಮಾಡಬಹುದು?” ಎಂದು ವೈದ್ಯರನ್ನು ಕೇಳುವ ಧೈರ್ಯ ನಿಮಗಿರಲಿ. ನಾನು ಆ ದಿನ ಕೇಳದೆಹೋದ ಪ್ರಶ್ನೆ ಅದು.